ಅರಮನೆಯನ್ನು ತೊರೆದ ಅಕ್ಕ

ಪ್ರತಿವರ್ಷ ಚೈತ್ರ ಮಾಸದ ದವನದ ಹುಣ್ಣಿಮೆಯಂದು ನಾಡಿನ ಮಠಮಾನ್ಯಗಳಲ್ಲಿಯೂ ಶರಣರ ಮನೆಗಳಲ್ಲಿಯೂ ವೈರಾಗ್ಯನಿಧಿ ಅಕ್ಕಮಹಾದೇವಿಯ ಜಯಂತಿ ನಡೆಯುತ್ತದೆ. ಭಾವಚಿತ್ರಕ್ಕೆ ಪೂಜೆ, ತೊಟ್ಟಿಲೋತ್ಸವ, ಅಕ್ಕನ ಬಳಗದ ತಾಯಂದಿರಿಂದ ವಚನಗಾಯನ, ಕೊನೆಗೆ ಪ್ರಸಾದ. ಅಂದಿನ ಉಪನ್ಯಾಸಗಳನ್ನು ಕೇಳುತ್ತ ಬಂದಿರುವ ನಮಗೆ ಒಂದು ಸಂಗತಿ ಬಹಳ ಕಾಲದಿಂದ ಕಾಡುತ್ತಿದೆ. ಅಕ್ಕನ ಭಕ್ತಿಯನ್ನು ಹೇಳುತ್ತೇವೆ, ವೈರಾಗ್ಯವನ್ನು ಹೇಳುತ್ತೇವೆ, ಅನುಭವಮಂಟಪದಲ್ಲಿ ಆಕೆ ಪಡೆದ ಎತ್ತರವನ್ನು ಹೇಳುತ್ತೇವೆ. ಕೌಶಿಕನೊಡನೆ ಆದ ಮದುವೆಯನ್ನು ಮಾತ್ರ ಒಂದೇ ವಾಕ್ಯದಲ್ಲಿ ದಾಟಿಬಿಡುತ್ತೇವೆ. ಅರಸ ಬಯಸಿದ, ಆಕೆ ತೊರೆದು ನಡೆದಳು ಎಂದರೆ ಮುಗಿಯಿತು. ಆದರೆ ಬಯಸಿದ್ದಕ್ಕೂ ತೊರೆದದ್ದಕ್ಕೂ ನಡುವೆ ಒಬ್ಬ ಹೆಣ್ಣುಮಗಳು ಒಂದು ಮನೆಯಲ್ಲಿ ಬಾಳಿದ್ದಾಳೆ. ಈ ಬರಹದಲ್ಲಿ ನಾವು ಆ ಮನೆಯೊಳಗೆ ಸ್ವಲ್ಪ ಹೊತ್ತು ನಿಲ್ಲಬಯಸುತ್ತೇವೆ.

ಉಡುತಡಿ ಇಂದಿನ ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿಗೆ ಸೇರಿದೆ. ಅದರ ಸಮೀಪದಲ್ಲಿಯೇ ಬಳ್ಳಿಗಾವಿ. ಹನ್ನೆರಡನೆಯ ಶತಮಾನದಲ್ಲಿ ಬಳ್ಳಿಗಾವಿ ಬನವಾಸಿ ನಾಡಿನ ದೊಡ್ಡ ಪಟ್ಟಣ. ಕೇದಾರೇಶ್ವರನ ಗುಡಿ, ಕಾಳಾಮುಖರ ಕೋಡಿಯಮಠ, ಜಿನಾಲಯಗಳು, ಬೌದ್ಧ ವಿಹಾರ ಎಲ್ಲವೂ ಅಲ್ಲಿದ್ದವು. ಅಲ್ಲಮಪ್ರಭುಗಳ ಹೆಸರೂ ಅದೇ ಊರಿಗೆ ಹೊಂದಿಕೊಂಡಿದೆ. ವಿದ್ಯೆಯೂ ವ್ಯಾಪಾರವೂ ದೈವಚಿಂತನೆಯೂ ಕೂಡಿದ್ದ ಇಂತಹ ಸೀಮೆಯಲ್ಲಿ ಮಹಾದೇವಿ ಬೆಳೆದಳು. ತಂದೆತಾಯಿಗಳನ್ನು ಹರಿಹರನು ಶಿವಭಕ್ತ, ಶಿವಭಕ್ತೆ ಎಂದೇ ಕರೆದು ಮುಂದೆ ಹೋಗುತ್ತಾನೆ. ಚಾಮರಸನು ನಿರ್ಮಲ, ಸುಮತಿ ಎಂದು ಹೆಸರಿಸುತ್ತಾನೆ. ಬಹುಕಾಲ ಮಕ್ಕಳಿಲ್ಲದೆ ಕೊರಗಿದ ದಂಪತಿಗೆ ಹುಟ್ಟಿದ ಮಗಳು. ಎಳವೆಯಲ್ಲಿಯೇ ಗುರುವಿನಿಂದ ಲಿಂಗದೀಕ್ಷೆಯಾಯಿತು. ಆಟದ ವಯಸ್ಸಿನಲ್ಲಿ ಅಂಗೈಗೆ ಬಂದ ಆ ಲಿಂಗವೇ ಆಕೆಯ ಗೆಳೆತನವಾಯಿತು, ಬೆಳೆಯುತ್ತ ಬೆಳೆಯುತ್ತ ಒಲವಾಯಿತು. ದೂರದ ಶ್ರೀಶೈಲದ ಮಲ್ಲಿಕಾರ್ಜುನನನ್ನು ಆಕೆ ಚೆನ್ನನೆಂದಳು, ಚೆಲುವನೆಂದಳು. ಇತರ ಶರಣರ ಅಂಕಿತಗಳೊಡನೆ ಇಟ್ಟು ನೋಡಿದರೆ ಚೆನ್ನಮಲ್ಲಿಕಾರ್ಜುನನೆಂಬ ಈ ಅಂಕಿತದಲ್ಲಿ ಹೆಣ್ಣೊಬ್ಬಳ ಕಣ್ಣಿನ ಹೊಳಪು ಕಾಣುತ್ತದೆ.

ಆ ಸೀಮೆಯ ಅರಸು ಕೌಶಿಕ. ಲಿಂಗವಂತನಲ್ಲದ ಆತನನ್ನು ಕಾವ್ಯಗಳು ಭವಿಯೆಂದು ಕರೆಯುತ್ತವೆ. ಪರಿವಾರದೊಡನೆ ಬೀದಿಯಲ್ಲಿ ಸಾಗುತ್ತಿದ್ದಾಗ ಮನೆಯ ಬಾಗಿಲಲ್ಲಿ ನಿಂತಿದ್ದ ಮಹಾದೇವಿಯನ್ನು ಆತ ಕಂಡನು. ಅಲ್ಲಿಂದ ಮುಂದಿನದು ಆಳುವವರ ಮನೆಯಿಂದ ಬರುವ ಎಲ್ಲ ಸಂಬಂಧಗಳ ಕಥೆ. ಮೊದಲು ಮಂತ್ರಿಗಳು ಬಂದರು, ನಯವಾದ ಮಾತು ಬಂತು, ಆ ನಯದ ಹಿಂದೆ ಬೆದರಿಕೆ ಬಂತು. ಒಪ್ಪದಿದ್ದರೆ ಹೆತ್ತವರ ಜೀವಕ್ಕೇ ಕುತ್ತು. ತಂದೆತಾಯಿಗಳು ಕೆಟ್ಟವರಲ್ಲ. ಮಗಳನ್ನು ಪ್ರಾಣದಂತೆ ಸಾಕಿದವರು. ಆದರೂ ಅವರು ಹೆದರಿದರು, ಒಪ್ಪಿಕೋ ಎಂದು ಮಗಳನ್ನೇ ಬೇಡಿದರು. ಪರರ ಬಲವಂತಕ್ಕಿಂತ ಒಳ್ಳೆಯವರ ಕಣ್ಣೀರು ಹೆಣ್ಣುಮಕ್ಕಳನ್ನು ಹೆಚ್ಚು ಕಟ್ಟಿಹಾಕುತ್ತದೆ ಎಂಬುದನ್ನು ಬಲ್ಲ ತಾಯಂದಿರಿಗೆ ಈ ಸನ್ನಿವೇಶವನ್ನು ನಾವು ವಿವರಿಸಬೇಕಾಗಿಲ್ಲ. ಹೆತ್ತವರಿಬ್ಬರನ್ನು ಉಳಿಸುವುದಕ್ಕಾಗಿ ಮಹಾದೇವಿ ಒಪ್ಪಿದಳು.

ಒಪ್ಪಿದ ರೀತಿಯನ್ನು ಮಾತ್ರ ಗಮನಿಸಬೇಕು. ಹಂಪೆಯ ವಿರೂಪಾಕ್ಷನ ಭಕ್ತನಾದ ಹರಿಹರನು ಸುಮಾರು 1200ರ ಹೊತ್ತಿಗೆ, ಎಂದರೆ ಶರಣರ ಕಾಲಕ್ಕೆ ತೀರ ಹತ್ತಿರದಲ್ಲಿ, ಮಹಾದೇವಿಯಕ್ಕನ ರಗಳೆಯನ್ನು ರಚಿಸಿದವನು. ಅವನ ಕಥನದಲ್ಲಿ ಮಹಾದೇವಿ ಅರಸನ ಮುಂದೆ ಮೂರು ಕಟ್ಟಳೆಗಳನ್ನು ಇಡುತ್ತಾಳೆ. ತನ್ನಿಚ್ಛೆಯಂತೆ ಲಿಂಗಪೂಜೆಯಲ್ಲಿರುವುದು, ತನ್ನಿಚ್ಛೆಯಂತೆ ಮಾಹೇಶ್ವರರ ಸಂಗದಲ್ಲಿರುವುದು, ತನ್ನಿಚ್ಛೆಯಂತೆ ಗುರುಸೇವೆಯಲ್ಲಿರುವುದು. ಇವುಗಳಲ್ಲಿ ಅರಸನು ತಪ್ಪಿ ನಡೆದರೆ ಮೂರು ತಪ್ಪಿನವರೆಗೆ ಸೈರಣೆ, ಅಲ್ಲಿಗೆ ಸಂಬಂಧ ಮುಗಿಯುತ್ತದೆ. ಅರಸನು ಒಪ್ಪಿದನು. ಆಸೆಗೆ ಬಿದ್ದವನು ಯಾವ ಪತ್ರಕ್ಕೂ ಒಪ್ಪುತ್ತಾನೆ.

ಈ ಮೂರು ಕಟ್ಟಳೆಗಳಲ್ಲಿ ಏನಿದೆ ಎಂಬುದರಷ್ಟೇ ಏನಿಲ್ಲ ಎಂಬುದನ್ನೂ ನೋಡೋಣ. ಒಡವೆ ವಸ್ತ್ರಗಳ ಮಾತಿಲ್ಲ. ಪಟ್ಟದ ರಾಣಿಯ ಸ್ಥಾನದ ಮಾತಿಲ್ಲ. ಮುಂದೆ ಹುಟ್ಟುವ ಮಗನಿಗೆ ರಾಜ್ಯವೆಂಬ ಮಾತಿಲ್ಲ. ಪುರಾಣಕಾವ್ಯಗಳಲ್ಲಿ ಅರಸನನ್ನು ವರಿಸುವ ಹೆಣ್ಣಿನ ಕಡೆಯಿಂದ ಸಾಮಾನ್ಯವಾಗಿ ಬರುವ ಬೇಡಿಕೆ ಅದೇ ಅಲ್ಲವೆ? ಸತ್ಯವತಿಯ ತಂದೆ ಶಂತನುವಿನಿಂದ ಪಡೆಯಬಯಸಿದ್ದು ಅದನ್ನೇ. ಮಹಾದೇವಿ ಕೇಳಿದ್ದು ತನ್ನದೇ ಆದ ಹೊತ್ತು, ತನ್ನ ಮನಸ್ಸಿಗೆ ಒಗ್ಗುವ ಸಂಗ, ತನಗೆ ಅರಿವು ಕೊಟ್ಟ ಗುರುವಿನ ಸಾಮೀಪ್ಯ. ಮದುವೆಯಾದ ಮೇಲೂ ತಾನು ತಾನಾಗಿ ಉಳಿಯಲು ಬೇಕಾದಷ್ಟು ಜಾಗ. ಜೊತೆಗೆ, ತಪ್ಪಿದರೆ ಹೊರಟುಹೋಗುವ ಬಾಗಿಲನ್ನು ಒಳಗೆ ಬರುವ ಮೊದಲೇ ತೆರೆದಿಟ್ಟುಕೊಂಡಳು. ಬೆದರಿಕೆಯ ನೆರಳಿನಲ್ಲಿ ನಿಂತ ಹುಡುಗಿಯೊಬ್ಬಳ ಈ ಎಚ್ಚರವನ್ನು ಕಂಡು ನಾವು ಪ್ರತಿಸಲವೂ ಬೆರಗಾಗುತ್ತೇವೆ.

ಅರಮನೆಯ ಬಾಳು ಪ್ರಾರಂಭವಾಯಿತು. ಹಗಲೆಲ್ಲ ಲಿಂಗಾರ್ಚನೆ, ಜಂಗಮದಾಸೋಹ, ಶಿವಾನುಭವ. ಇರುಳಾದರೆ ಕೌಶಿಕನ ಶಯ್ಯಾಗೃಹ. ಹರಿಹರನು ಈ ಹಗಲಿರುಳುಗಳ ಬಿರುಕನ್ನು ಮುಚ್ಚಿಡದೆ ಹೇಳಿದ್ದಾನೆ. ಬೆಳಗಿನಲ್ಲಿ ಅರಳಿದ ಜೀವ ಸಂಜೆಯಾಗುತ್ತಲೇ ಮುದುಡುತ್ತಿತ್ತು. ಕೌಶಿಕನು ಆಕೆಯನ್ನು ಹೊಡೆದನೆಂದಾಗಲಿ ಹಸಿವಿಗೆ ದೂಡಿದನೆಂದಾಗಲಿ ಕಾವ್ಯ ಹೇಳುವುದಿಲ್ಲ. ಆತ ಆಕೆಗೆ ಸಿರಿಯನ್ನೆಲ್ಲ ಸುರಿದನು. ತನ್ನ ಮಟ್ಟಿಗೆ ತಾನು ಪ್ರೀತಿಸುತ್ತಿದ್ದೇನೆಂದೇ ತಿಳಿದಿದ್ದನು. ಆದರೆ ಆಕೆಯ ಜೀವ ಯಾವುದರಲ್ಲಿ ನೆಟ್ಟಿತ್ತೋ ಅದರ ಕಡೆಗೆ ಆತ ಒಮ್ಮೆಯೂ ತಿರುಗಿ ನೋಡಲಿಲ್ಲ. ಆತನಿಗೆ ಬೇಕಾದದ್ದು ಬೀದಿಯಲ್ಲಿ ಕಂಡ ರೂಪ. ಆ ರೂಪದೊಳಗೆ ಒಬ್ಬಳು ಇದ್ದಾಳೆಂಬುದು ಆತನಿಗೆ ತೊಡಕಾಗಿಯೇ ತೋರಿತು.

ಇದನ್ನೇ ನಾವು ಒಂಟಿತನವೆನ್ನುತ್ತೇವೆ. ದಾಸಿಯರು, ಸೇವಕರು, ಸಂಪತ್ತು ತುಂಬಿದ ಮನೆಯಲ್ಲಿ ತನ್ನ ಮಾತು ಅರ್ಥವಾಗುವ ಒಂದು ಕಿವಿಯಿಲ್ಲ. ಬಾಗಿಲಿಗೆ ಬರುವ ಜಂಗಮರೇ ಆಕೆಗಿದ್ದ ಬೆಳಕಿಂಡಿ. ಒಳಗೊಬ್ಬ ಗಂಡ, ಹೊರಗೊಬ್ಬ ಗಂಡ ಎಂಬ ಇಬ್ಬಗೆಯ ಬಾಳನ್ನು ನಡೆಸಲಾರೆನೆಂಬ ನೋವು ಆಕೆಯ ವಚನಗಳಲ್ಲಿ ಬರುತ್ತದೆ. ಪಾರಮಾರ್ಥಿಕ ಅರ್ಥವನ್ನು ವಿದ್ವಾಂಸರು ವಿವರಿಸಿದ್ದಾರೆ, ಅದು ಸರಿಯೇ. ಆದರೆ ಲೌಕಿಕವನ್ನೂ ಪಾರಮಾರ್ಥಿಕವನ್ನೂ ಒಟ್ಟಿಗೆ ಹೊತ್ತುಕೊಳ್ಳಲಾಗದ ಆ ದಣಿವು ಕೇವಲ ತತ್ತ್ವದಿಂದ ಹುಟ್ಟಿದ್ದಲ್ಲ. ಆ ಮಾತುಗಳನ್ನು ಆಡಿದವಳು ಇರುಳುಗಳನ್ನು ಎಣಿಸಿದವಳು.

ಒಪ್ಪಂದ ಮುರಿಯತೊಡಗಿತು. ಜಂಗಮಸೇವೆಗೆ ಅಡ್ಡಿ ಬಂದಿತು, ಒಂದು ತಪ್ಪು. ಲಿಂಗಪೂಜೆಯ ಏಕಾಂತಕ್ಕೆ ಅಡ್ಡಿ ಬಂದಿತು, ಎರಡನೆಯದು. ಮಹಾದೇವಿ ಎರಡನ್ನೂ ಎಣಿಕೆಗೆ ಹಾಕಿಕೊಂಡು ಸುಮ್ಮನಾದಳು. ಸಹಿಸಿದಳು ಎನ್ನುವುದಕ್ಕಿಂತ ಕಾದಳು ಎನ್ನುವುದು ಮೇಲು. ಮೂರನೆಯ ಸಲ ಗುರು ಬಂದಿದ್ದಾರೆಂಬ ಸುದ್ದಿ ಕೇಳಿ ಆಕೆ ಉಟ್ಟುದನ್ನೂ ಸರಿಪಡಿಸಿಕೊಳ್ಳದ ಅವಸರದಲ್ಲಿ ಎದ್ದಾಗ ಕೌಶಿಕನು ಆಕೆಯ ಉಡುಗೆಗೆ ಕೈಹಾಕಿದನು. ಇಷ್ಟೊಂದು ಭಕ್ತಿಯಿದ್ದವಳಿಗೆ ಬಟ್ಟೆಯೇಕೆ ಎಂಬ ಕುಹಕ ಅದರೊಳಗಿತ್ತು. ಲೆಕ್ಕ ಮುಗಿಯಿತು. ಆಕೆ ಅರಚಲಿಲ್ಲ, ಶಪಿಸಲಿಲ್ಲ. ಕೊಟ್ಟ ಮಾತಿನಂತೆ ಮೂರು ತಪ್ಪಾಗಿವೆ, ಕೊಟ್ಟ ಮಾತಿನಂತೆ ತಾನು ಹೊರಡುತ್ತಿದ್ದೇನೆ ಎಂಬ ನಿಲುವಿನಲ್ಲಿ ಒಡವೆಗಳನ್ನು ಕಳಚಿಟ್ಟಳು, ಉಟ್ಟುದನ್ನೂ ಬಿಟ್ಟಳು, ಹೊರಟಳು.

ಈ ದಿಗಂಬರತ್ವದ ಬಗ್ಗೆ ನಮ್ಮಲ್ಲಿ ಇಂದಿಗೂ ಒಂದು ಮುಜುಗರವಿದೆ. ಕ್ಯಾಲೆಂಡರಿನ ಚಿತ್ರಕಾರರು ಮಂಡಿಯವರೆಗೆ ದಟ್ಟವಾದ ಕೂದಲನ್ನು ಬರೆದು ನಮ್ಮನ್ನು ಅದರಿಂದ ಪಾರುಮಾಡಿದ್ದಾರೆ. ಅರಮನೆಯಲ್ಲಿ ಆಕೆಯ ಮೈಮೇಲಿದ್ದುದೆಲ್ಲ ಕೌಶಿಕನದು. ಅವನದನ್ನು ಅವನಿಗೇ ಬಿಟ್ಟ ಮೇಲೆ ಉಳಿದದ್ದು ಅಂಗೈಯ ಲಿಂಗವೊಂದೇ. ಯಾವುದಕ್ಕೆ ಕೈಹಾಕಿ ಆತ ಆಕೆಯನ್ನು ನಾಚಿಸಬಹುದೆಂದು ಎಣಿಸಿದನೋ ಅದನ್ನೇ ಆಕೆ ತೆಗೆದಿಟ್ಟಳು. ಆಮೇಲೆ ಆತನ ಕೈಗೆ ಹಿಡಿಯಲು ಏನೂ ಉಳಿಯಲಿಲ್ಲ.

ಇಲ್ಲಿ ಒಂದು ಭಿನ್ನಾಭಿಪ್ರಾಯವನ್ನು ಹೇಳಲೇಬೇಕು. ಹರಿಹರನಿಗಿಂತ ಎರಡು ಶತಮಾನಕ್ಕೂ ಮಿಗಿಲಾದ ಅಂತರದಲ್ಲಿ, ವಿಜಯನಗರದ ಪ್ರೌಢದೇವರಾಯನ ಕಾಲದಲ್ಲಿ, ಚಾಮರಸನು ಪ್ರಭುಲಿಂಗಲೀಲೆಯನ್ನು ಬರೆದನು. ಅಲ್ಲಿ ಮಹಾದೇವಿ ಪಾರ್ವತಿಯ ಸಾತ್ವಿಕ ಕಳೆ. ಅರಮನೆಯವರೆಗೆ ಹೋದರೂ ಆಕೆ ಕೌಶಿಕನ ಮಡದಿಯಾಗಿ ಬಾಳುವುದಿಲ್ಲ. ಆತನ ಬಯಕೆಯನ್ನು ನಿರಾಕರಿಸಿ ಹೊರಟುಬಿಡುತ್ತಾಳೆ. ಮುಂದಿನ ಪರಂಪರೆಗೆ ಈ ಕಥನವೇ ಹೆಚ್ಚು ಹಿತವಾಗಿ ಕಂಡಿತು. ಅಕ್ಕನಿಗೆ ಮದುವೆಯೇ ಆಗಲಿಲ್ಲವೆಂದು ವಾದಿಸುವವರು ಇಂದೂ ಇದ್ದಾರೆ. ಆಕೆಯ ಮಹಿಮೆಗೆ ಕುಂದು ಬಾರದಿರಲೆಂಬ ಕಳಕಳಿ ಅವರದು, ಅದನ್ನು ನಾವು ಗೌರವಿಸುತ್ತೇವೆ. ಆದರೆ ನಮ್ಮ ಮನಸ್ಸು ಹರಿಹರನ ಕಡೆಗೇ ವಾಲುತ್ತದೆ. ಕಾಲದಿಂದ ಆತ ಹತ್ತಿರದವನು ಎಂಬುದು ಒಂದು ಕಾರಣ. ಇನ್ನೊಂದು ಕಾರಣ ನಮಗೆ ಅದಕ್ಕಿಂತ ದೊಡ್ಡದು. ಮದುವೆಯನ್ನು ಕಾಣದ ಅಕ್ಕನನ್ನು ಪೂಜಿಸಬಹುದು. ಒಲವಿಲ್ಲದ ಮನೆಯಲ್ಲಿ ದಿನ ನೂಕುತ್ತಿರುವ ಒಬ್ಬ ತಾಯಿ ಆಕೆಯ ಚಿತ್ರದ ಮುಂದೆ ಕುಳಿತು ತನ್ನ ಸಂಕಟವನ್ನು ಹೇಳಿಕೊಳ್ಳಬೇಕಾದರೆ ಆ ಸಂಕಟವನ್ನು ಅಕ್ಕ ತಾನೂ ಉಂಡಿರಬೇಕು. ಅಕ್ಕನನ್ನು ಅದರಿಂದ ತೊಳೆದು ತೆಗೆದರೆ ಆ ತಾಯಿ ಇನ್ನಷ್ಟು ಒಂಟಿಯಾಗುತ್ತಾಳೆ. ಮೈಲಿಗೆಯೇನೂ ಅಲ್ಲದ್ದನ್ನು ಮೈಲಿಗೆಯೆಂದು ತೊಳೆಯುವ ಅಗತ್ಯವಾದರೂ ಏನು?

ಮಂಡ್ಯ ಸೀಮೆಯ ಓದುಗರಿಗೆ ಇಲ್ಲಿ ಮತ್ತೊಬ್ಬ ಹೆಣ್ಣುಮಗಳ ನೆನಪು ಬಾರದಿರದು. ಪಾಲಹಳ್ಳಿಯ ಮಗ್ಗುಲಿನ ಶ್ರೀರಂಗಪಟ್ಟಣ ಮೈಸೂರಿನ ರಾಜಧಾನಿಯಾಗಿದ್ದಾಗ, 1673ರಿಂದ 1704ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಳಂದೂರಿನ ಹೊನ್ನಮ್ಮ ರಾಣಿಯ ಎಲೆಯಡಿಕೆಯ ಸಂಚಿ ಹಿಡಿಯುವ ಊಳಿಗದಲ್ಲಿದ್ದಳು. ಆ ಸಂಚಿಯ ಹೊನ್ನಮ್ಮನೇ ಹದಿಬದೆಯ ಧರ್ಮವೆಂಬ ಸಾಂಗತ್ಯ ಕಾವ್ಯವನ್ನು ಬರೆದವಳು. ಪತಿಯೇ ದೈವವೆಂದು ನಡೆಯುವ ಹೆಣ್ಣಿನ ಬಾಳನ್ನು ಆಕೆ ಹಾಡಿದಳು. ಹಾಗೆ ಹಾಡುತ್ತಲೇ, ಹೆಣ್ಣೆಂದು ಹೀಗಳೆಯುವವರನ್ನು ಹೆತ್ತ ತಾಯಿಯೂ ಹೆಣ್ಣೇ ಅಲ್ಲವೆ ಎಂದು ಲೋಕವನ್ನು ತಡೆದು ಕೇಳಿದಳು. ಅರಮನೆಯೊಳಗಿದ್ದು ಕೇಳಿದ ಹೊನ್ನಮ್ಮ, ಅರಮನೆಯನ್ನು ದಾಟಿ ನಡೆದ ಮಹಾದೇವಿ. ಇಬ್ಬರ ನಡುವೆ ಐದು ಶತಮಾನಗಳಿವೆ. ಕಾಲ ಮುಂದೆ ಸರಿದಂತೆ ಹೆಣ್ಣಿನ ದಾರಿಯೂ ಹಿಗ್ಗುತ್ತದೆಂದು ತಿಳಿದವರು ಈ ಇಬ್ಬರನ್ನೂ ಜೊತೆಯಲ್ಲಿ ಓದಬೇಕು.

ಉಡುತಡಿಯಿಂದ ಕಲ್ಯಾಣಕ್ಕೆ ನೂರಾರು ಮೈಲಿ. ಮಲೆನಾಡಿನ ಅಂಚಿನಿಂದ ಎರೆನೆಲದ ಬಯಲಿಗೆ ಇಳಿದು, ಕೃಷ್ಣೆಯನ್ನೂ ಭೀಮೆಯನ್ನೂ ದಾಟಿ ಹೋಗಬೇಕು. ಹರಿಹರನು ಅಕ್ಕನನ್ನು ನೇರವಾಗಿ ಶ್ರೀಶೈಲಕ್ಕೆ ಕರೆದೊಯ್ಯುತ್ತಾನೆ. ಕಲ್ಯಾಣದ ಪ್ರಸಂಗವನ್ನು ನಮಗೆ ಉಳಿಸಿಕೊಟ್ಟವರು ಚಾಮರಸನೂ ಶೂನ್ಯಸಂಪಾದನೆಯ ಸಂಕಲನಕಾರರೂ. ಹಸಿವಿಗೆ ಊರವರ ಭಿಕ್ಷೆ, ಬಾಯಾರಿಕೆಗೆ ಕೆರೆಹಳ್ಳಗಳ ನೀರು, ಮಲಗಲು ಹಾಳುಗುಡಿ, ಜೊತೆಗೆ ಚೆನ್ನಮಲ್ಲಿಕಾರ್ಜುನ ಎಂಬ ಭರವಸೆಯನ್ನು ಆಕೆಯ ವಚನಗಳಲ್ಲಿ ಕಾಣುತ್ತೇವೆ. ದಾರಿಯಲ್ಲಿ ಬೆನ್ನು ಹತ್ತಿದ ಗಂಡಸರ ಕಾಟವೂ ವಚನಗಳಲ್ಲಿಯೇ ದಾಖಲಾಗಿದೆ. ಅವರನ್ನು ಅಣ್ಣಾ ಎಂದು ಕರೆದೇ ಆಕೆ ನಿಲ್ಲಿಸಿದಳು. ಗಿಳಿ, ಕೋಗಿಲೆ, ದುಂಬಿ, ಹಂಸೆಗಳನ್ನು ತನ್ನ ನಲ್ಲನನ್ನು ಕಂಡಿರಾ ಎಂದು ಕೇಳುತ್ತ ಸಾಗಿದವಳು ಮನುಷ್ಯರಿಗೆ ಮಾತ್ರ ಅಷ್ಟು ಸಲಿಗೆಯನ್ನು ಕೊಡಲಿಲ್ಲ.

ಕಲ್ಯಾಣದ ಹೊರವಲಯದಲ್ಲಿ ಕಿನ್ನರಿ ಬ್ರಹ್ಮಯ್ಯ ಆಕೆಯನ್ನು ಪರೀಕ್ಷಿಸಿದನು. ಆತ ಸೋತು ಕಾಲಿಗೆರಗಿದ ಮೇಲೆ ಅನುಭವಮಂಟಪದ ಬಾಗಿಲು ತೆರೆಯಿತು. ಶೂನ್ಯಪೀಠದಲ್ಲಿ ಅಲ್ಲಮಪ್ರಭುಗಳು, ಸುತ್ತ ಬಸವಣ್ಣನವರು, ಚೆನ್ನಬಸವಣ್ಣನವರು, ಮಡಿವಾಳ ಮಾಚಯ್ಯನವರು, ಸಿದ್ಧರಾಮರು. ಪ್ರಭುಗಳ ಮೊದಲ ಪ್ರಶ್ನೆ ಆಕೆಯ ಗಂಡನ ಬಗ್ಗೆ. ತುಂಬು ಯೌವನದ ಹೆಣ್ಣೇ, ನಿನ್ನ ಪತಿ ಯಾರೆಂದು ಹೇಳಿದರೆ ಒಳಗೆ ಬಾ, ಇಲ್ಲವಾದರೆ ಬಂದ ದಾರಿಯನ್ನು ಹಿಡಿ ಎಂಬುದು ಅದರ ಸಾರಾಂಶ. ಒಂಟಿಯಾಗಿ ಹೊಸ ಊರಿಗೆ ಹೋದ ಹೆಣ್ಣುಮಗಳನ್ನು, ಬಾಡಿಗೆಗೆ ಮನೆ ಕೇಳಿದವಳನ್ನು, ತವರಿಗೆ ಮರಳಿ ಬಂದು ತಿಂಗಳಾದವಳನ್ನು ಇಂದಿಗೂ ಮೊದಲು ಕೇಳುವುದು ಇದನ್ನೇ. ಪ್ರಭುಗಳು ಕೇಳಿದ್ದು ಸಭೆಯ ಮನಸ್ಸಿನಲ್ಲಿದ್ದುದನ್ನು ಬಯಲಿಗೆಳೆಯುವುದಕ್ಕಾಗಿ ಎಂದು ನಾವು ತಿಳಿದಿದ್ದೇವೆ. ಅಕ್ಕ ತಡವರಿಸಲಿಲ್ಲ. ಸಾವಿಲ್ಲದ, ಕೇಡಿಲ್ಲದ ಚೆನ್ನಮಲ್ಲಿಕಾರ್ಜುನನೇ ತನ್ನ ಗಂಡನೆಂದಳು. ಲೋಕದ ಉಳಿದ ಗಂಡಂದಿರೊಡನೆ ತನಗೆ ಸಂಬಂಧವಿಲ್ಲವೆಂದಳು. ಕೌಶಿಕನನ್ನು ಬಿಟ್ಟದ್ದೇಕೆಂಬ ಪ್ರಶ್ನೆಯೂ ಬಂದಿತು. ದೇಹದ ಹಂಗನ್ನೇ ತೊರೆದವಳು ಅದನ್ನು ಕೂದಲಿನಿಂದ ಮರೆಮಾಡಿದ್ದೇಕೆ ಎಂಬ ಕಠಿಣವಾದ ಪ್ರಶ್ನೆಯೂ ಬಂದಿತು. ಆ ಮರೆ ತನ್ನ ನಾಚಿಕೆಗಾಗಿ ಇಲ್ಲ, ನೋಡುವವರ ಮನಸ್ಸು ನೋಯದಿರಲಿ ಎಂದು ಇದೆಯೆಂಬುದು ಆಕೆಯ ಉತ್ತರದ ತಿರುಳು. ಅಲ್ಲಿಯವರೆಗೆ ಉತ್ತರಿಸುವ ಸ್ಥಾನದಲ್ಲಿದ್ದವಳು ಆ ಒಂದು ಮಾತಿನಿಂದ ನೋಡುವವರನ್ನು ಉತ್ತರಿಸುವ ಸ್ಥಾನಕ್ಕೆ ತಂದಳು. ಸಭೆ ತಲೆಬಾಗಿತು. ವಯಸ್ಸಿನಲ್ಲಿ ಕಿರಿಯಳಾದವಳು ಎಲ್ಲರಿಗೂ ಅಕ್ಕನಾದಳು.

ಈ ಸಂವಾದ ನಮಗೆ ದೊರೆತಿರುವುದರಲ್ಲಿ ನಮ್ಮ ದಕ್ಷಿಣದ ಸೀಮೆಯ ಪಾಲು ದೊಡ್ಡದು. ನಾಗಮಂಗಲಕ್ಕೆ ಸಮೀಪದ ಎಡೆಯೂರಿನಲ್ಲಿ ಗದ್ದುಗೆಗೊಂಡಿರುವ ತೋಂಟದ ಸಿದ್ಧಲಿಂಗಯತಿಗಳ ಪರಂಪರೆಯಲ್ಲಿ ವಚನಗಳ ಸಂಗ್ರಹ, ಸಂಕಲನ, ಪಾಠಗಳು ವ್ರತದಂತೆ ನಡೆದವು. ಶಿವಗಣಪ್ರಸಾದಿ ಮಹಾದೇವಯ್ಯನಿಂದ ಮೊದಲಾಗಿ ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣಾರ್ಯರವರೆಗೆ ನಾಲ್ವರು ಶೂನ್ಯಸಂಪಾದನೆಯನ್ನು ಪರಿಷ್ಕರಿಸುತ್ತ ಬಂದರು. ಗಂಡನನ್ನು ಬಿಟ್ಟು ಬಂದ ಹೆಣ್ಣೊಬ್ಬಳನ್ನು ಪ್ರಶ್ನಿಸಿ, ಆಕೆಯ ಉತ್ತರವನ್ನು ಒಪ್ಪಿ, ಆಕೆಗೆ ನಮಿಸಿದ ಪ್ರಸಂಗವನ್ನು ಈ ವಿರಕ್ತರು ಓಲೆಗರಿಯ ಮೇಲೆ ಮತ್ತೆ ಮತ್ತೆ ಬರೆದಿಟ್ಟರು. ಬೇಡವೆನಿಸಿದ್ದರೆ ಬಿಟ್ಟುಬಿಡಬಹುದಾಗಿತ್ತು.

ಅಕ್ಕನನ್ನು ಮುಂದಿಟ್ಟುಕೊಂಡು ಶರಣರು ದಾಂಪತ್ಯದ ವಿರೋಧಿಗಳೆಂದು ಹೇಳಲು ಬರುವುದಿಲ್ಲ. ಅದೇ ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮನವರಿದ್ದರು. ದಿನದ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದ ಗಂಡನನ್ನು ಲಕ್ಕಮ್ಮ ಮರಳಿ ಕಳುಹಿಸಿದಳು. ಆತ ಮರುಮಾತಿಲ್ಲದೆ ಹೋಗಿ ಸುರಿದು ಬಂದನು. ಮೋಳಿಗೆಯ ಮಾರಯ್ಯನಿಗೆ ಅರಿವಿನ ಕೊನೆಯ ಮೆಟ್ಟಿಲನ್ನು ತೋರಿದವಳು ಆತನ ಮಡದಿ ಮಹಾದೇವಿ. ಹೆಂಡತಿಯ ಮಾತಿನಲ್ಲಿ ಗುರುವಿನ ಮಾತನ್ನು ಕೇಳಬಲ್ಲ ಗಂಡಂದಿರಿದ್ದ ಊರು ಅದು. ಅಂತಹ ಮನೆಗಳ ಪಕ್ಕದಲ್ಲಿಟ್ಟು ನೋಡಿದಾಗಲೇ ಕೌಶಿಕನ ಅರಮನೆಯ ಬಡತನ ತಿಳಿಯುವುದು. ಅಕ್ಕನೂ ಮದುವೆಯ ನುಡಿಯನ್ನು ಬಿಡಲಿಲ್ಲ. ಚಪ್ಪರ, ಹಸೆ, ಸೇಸೆ, ತವರು, ಅತ್ತೆಮನೆ, ಎಲ್ಲವೂ ಆಕೆಯ ವಚನಗಳಲ್ಲಿ ಬೇರೊಂದು ಬೆಳಕಿನಲ್ಲಿ ಮರಳಿ ಬರುತ್ತವೆ. 400ಕ್ಕೂ ಮಿಕ್ಕ ಆ ವಚನಗಳಲ್ಲಿ ತುಂಬಿರುವುದು ಒಲವಿನ ಹಸಿವು. ಒಲವನ್ನೇ ಬೇಡವೆಂದವಳ ಮಾತುಗಳು ಹಾಗಿರಲಾರವು.

ಇಂದು ಹಿಂದೂ ವಿವಾಹ ಕಾಯಿದೆ ಇದೆ. 1955ರಲ್ಲಿ ಬಂದ ಅದು ಕೆಲವು ಕಾರಣಗಳಿಗೆ ಬಿಡುಗಡೆಯ ದಾರಿಯನ್ನು ತೆರೆಯಿತು. 1976ರ ತಿದ್ದುಪಡಿಯಿಂದ ಗಂಡಹೆಂಡಿರಿಬ್ಬರೂ ಒಪ್ಪಿ ಬೇರೆಯಾಗುವುದಕ್ಕೂ ಅವಕಾಶವಾಯಿತು. ಒಲವಿಲ್ಲ, ಮಾತಿಲ್ಲ, ಒಂದೇ ಸೂರಿನಡಿ ಇಬ್ಬರು ಅಪರಿಚಿತರಂತೆ ಇದ್ದೇವೆ ಎಂದು ಒಬ್ಬಳು ಹೇಳಿಕೊಂಡರೆ ಅದಕ್ಕೆಂದು ಆ ಕಾಯಿದೆಯಲ್ಲಿ ಬೇರೊಂದು ಕಲಮಿಲ್ಲ. ನ್ಯಾಯಾಲಯಕ್ಕೆ ಹೋಗುವ ಮೊದಲು ಆಕೆ ಹಿರಿಯರ ಬಳಿಗೆ ಬರುತ್ತಾಳೆ, ಮಠಕ್ಕೂ ಬರುತ್ತಾಳೆ. ಹೊಡೆಯುತ್ತಾನೆಯೇ, ಕುಡಿಯುತ್ತಾನೆಯೇ ಎಂದು ನಾವು ಕೇಳುತ್ತೇವೆ. ಇಲ್ಲವೆಂದರೆ ಮತ್ತೇನು ಕಷ್ಟವೆಂದು ಹೊಂದಿಕೊಂಡು ಹೋಗಲು ಹೇಳಿ ಕಳುಹಿಸುತ್ತೇವೆ. ಕೌಶಿಕನೂ ಹೊಡೆಯುತ್ತಿರಲಿಲ್ಲ. ಮನೆಯೊಂದು ಉಳಿಯಬೇಕೆಂಬ ಹಿರಿಯರ ಆಸೆ ತಪ್ಪಲ್ಲ, ಎಷ್ಟೋ ಮನೆಗಳು ಒಂದು ಒಳ್ಳೆಯ ಮಾತಿನಿಂದ ಉಳಿದಿವೆ. ಆದರೆ ಆ ಮಾತನ್ನು ಹೆಣ್ಣಿಗೆ ಮಾತ್ರ ಹೇಳಿ ಕಳುಹಿಸಿದಾಗ ನಾವು ಅನುಭವಮಂಟಪದ ಕಡೆಯವರೋ ಉಡುತಡಿಯ ಮಂತ್ರಿಗಳ ಕಡೆಯವರೋ ಎಂಬ ಸಂದೇಹ ನಮ್ಮನ್ನು ಬಿಡುವುದಿಲ್ಲ.

ಕಲ್ಯಾಣದಲ್ಲಿ ಅಕ್ಕ ಬಹುಕಾಲ ನಿಲ್ಲಲಿಲ್ಲ. ಶರಣರನ್ನು ಬೀಳ್ಕೊಂಡಾಗ ಆಕೆಯ ಮಾತು ತವರಿನಿಂದ ಗಂಡನ ಮನೆಗೆ ಹೊರಟ ಮಗಳ ಮಾತಿನಂತಿತ್ತು; ತವರಿಗೆ ಕೆಟ್ಟ ಹೆಸರು ತರುವುದಿಲ್ಲವೆಂಬ ಭರವಸೆ ಅದರಲ್ಲಿತ್ತು. ಉಡುತಡಿಯಲ್ಲಿ ಬೆದರಿಕೆಯ ನಡುವೆ ನಡೆದುಹೋದ ಆ ಕಳುಹಿಸಿಕೊಡುವಿಕೆ ಇಲ್ಲಿ ಸಂತೋಷದಿಂದ ನಡೆಯಿತು. ಹೆತ್ತವರು ಮಾಡಲಾಗದ್ದನ್ನು ಶರಣರು ಮಾಡಿದರು.

ಶ್ರೀಶೈಲದಲ್ಲಿಯೂ ಹಳೆಯ ಸಂಬಂಧಗಳು ಆಕೆಯನ್ನು ಹುಡುಕಿಕೊಂಡು ಬಂದವೆಂದು ಹರಿಹರನು ಹೇಳುತ್ತಾನೆ. ತಂದೆತಾಯಿಗಳು ಬಂದರು, ಮಗಳ ಸ್ಥಿತಿಯನ್ನು ಕಂಡು ಅತ್ತರು. ಆಕೆ ಅವರನ್ನು ಸಮಾಧಾನಪಡಿಸಿ ಕಳುಹಿಸಿದಳು; ಅವರ ಮೇಲೆ ಕೋಪವನ್ನು ಇಟ್ಟುಕೊಂಡಿರಲಿಲ್ಲ. ಕೊನೆಗೆ ಕೌಶಿಕನೂ ಬಂದನು, ಅರಸನ ಉಡುಪಿನಲ್ಲಲ್ಲ, ಶಿವಭಕ್ತನ ವೇಷದಲ್ಲಿ. ಆಕೆಯ ಮನಸ್ಸು ಎಲ್ಲಿದೆಯೆಂಬುದು ಆತನಿಗೆ ಅಷ್ಟು ತಡವಾಗಿ ಹೊಳೆದಿತ್ತು. ಹೊಳೆದ ಮೇಲೂ ಅದನ್ನು ಹೊರಗಿನಿಂದ ತೊಟ್ಟುಕೊಳ್ಳಲು ಹೊರಟಿದ್ದನು. ವಿಭೂತಿ ರುದ್ರಾಕ್ಷಿಗಳನ್ನು ಧರಿಸಿ ನಿಂತ ಆ ಗಂಡನನ್ನು ಕಂಡಾಗ ನಮಗೆ ಒಂದು ಬಗೆಯ ಮರುಕವೂ ಮೂಡುತ್ತದೆ. ಅರಮನೆಯಲ್ಲಿದ್ದಾಗ ಒಂದು ದಿನ ಆಕೆಯ ಪೂಜೆಯ ಪಕ್ಕದಲ್ಲಿ ಸುಮ್ಮನೆ ಕುಳಿತಿದ್ದರೂ ಕಥೆ ಬೇರೆಯಾಗುತ್ತಿತ್ತೇನೋ. ಅಕ್ಕ ವೇಷಕ್ಕೆ ಮೋಸಹೋಗಲಿಲ್ಲ. ಹೊಸ ಕಟ್ಟಳೆಗಳನ್ನೂ ಇಡಲಿಲ್ಲ. ಆತ ಬಂದಂತೆ ಮರಳಿದನು.

ಅಲ್ಲಿಂದ ಮುಂದೆ ಕದಳಿ. ಶ್ರೀಶೈಲದಿಂದ ಕೃಷ್ಣೆಯ ನೀರಿನಲ್ಲಿ ದೋಣಿಯಲ್ಲಿ ಹೋದರೆ ಕಾಡಿನ ನಡುವೆ ಬಂಡೆಗಳು ಕಮಾನಿನಂತೆ ಬಾಗಿ ನಿಂತ ಗುಹೆಗಳಿವೆ. ಜನರು ಅವುಗಳನ್ನು ಅಕ್ಕನ ಹೆಸರಿನಿಂದಲೇ ಕರೆಯುತ್ತಾರೆ. ಹಾದಿ ಇಕ್ಕಟ್ಟಾಗಿದೆ, ಬೆಳಕು ಕಡಿಮೆ, ಮೈ ಬಾಗಿಸಿ ಒಬ್ಬೊಬ್ಬರಾಗಿ ಹೋಗಬೇಕು. ಕೊನೆಯಲ್ಲಿ ಒಂದು ಲಿಂಗವಿದೆ. ಕರ್ನಾಟಕದಿಂದ ಯಾತ್ರೆಗೆ ಹೋದ ತಾಯಂದಿರು ಗಂಡ ಮಕ್ಕಳನ್ನು ದಡದಲ್ಲಿ ನಿಲ್ಲಿಸಿ ಒಳಗೆ ಹೋಗುವುದನ್ನು ನಾವು ಕಂಡಿದ್ದೇವೆ. ಒಳಗೆ ಹೋದವರು ಬೇಗನೆ ಹೊರಗೆ ಬರುವುದಿಲ್ಲ. ದೋಣಿಯವನು ಎರಡು ಸಲ ಕೂಗಿ ಕರೆಯುತ್ತಾನೆ.